ಕುಳ್ಳಯ್ಯನ ಐವತ್ತೆರಡು ಕಿಲೋಮೀಟರು

ಬೆಳಗೊಳದ ಕರಿಯಯ್ಯನ ಟೀ ಅಂಗಡಿಯಲ್ಲಿ ಬೇರೆಯವರ ದಡ್ಡತನದ ಕತೆಗಳಿಗೆ ಬರವಿಲ್ಲ. ಒಬ್ಬ ಅಳಿಯನ ದಡ್ಡತನ ಹೇಳಿದರೆ ಇನ್ನೊಬ್ಬ ಪಕ್ಕದ ಗದ್ದೆಯವನದು ಹೇಳುತ್ತಾನೆ. ತನ್ನದನ್ನು ತಾನೇ ಬಿಚ್ಚಿ ಹರವುವವನು ಕುಳ್ಳಯ್ಯ ಒಬ್ಬನೇ. ಬೆಂಚಿನ ತುದಿಯಲ್ಲಿ ಕೂತು, ಟೀ ಲೋಟ ಕೆಳಗಿಟ್ಟು, "ಮನೆ ಮುಂದೆ ಕಾರ್ ಮಡಿಕಂಡು ಎಂಡ್ರುನ್ನ ಬಸ್ಸಿಗೆ ಅತ್ತಿಸ್ದೋನು ಈ ನಾಕು ತಾಲ್ಲೂಕಲ್ಲಿ ನಾನೊಬ್ನೇ ಕಣ್ಲಾ" ಎಂದು ಶುರು ಮಾಡುತ್ತಾನೆ. ಊರವರು ಆಡಿಕೊಳ್ಳುವ ಮೊದಲೇ ತಾನು ಆಡಿಕೊಂಡುಬಿಟ್ಟರೆ ಅರ್ಧ ಮಾನ ಉಳಿಯುತ್ತದೆ ಎನ್ನುವುದು ಅವನ ಲೆಕ್ಕ. ಅವನಿಗೆ ಎಲ್ಲದಕ್ಕೂ ಒಂದು ಲೆಕ್ಕವಿದೆ. ಕೆಟ್ಟಿದ್ದು ಅಲ್ಲಿಂದಲೇ.

ಹೆಸರು ಕುಳ್ಳಯ್ಯ, ಆಳು ಆರಡಿಗೆ ಎರಡೇ ಇಂಚು ಕಡಿಮೆ. ತಾತನ ಹೆಸರು ಉಳಿಯಲಿ ಎಂದು ಇಟ್ಟಿದ್ದರು. ಹುಡುಗ ಹೆಸರನ್ನು ಮೀರಿ ಬೆಳೆದುಬಿಟ್ಟ. ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ನೀರುಗಂಟಿ. ನಾಲೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಹೋಗಿ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ನೀರು ಹೋಯಿತು ಎಂದು ನೋಡುವುದು ಅವನ ಕೆಲಸ. ದಿನಾ ಬೆಳಿಗ್ಗೆ ಆರಕ್ಕೆ ಅಳತೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನೀರು ಎಷ್ಟು ಅಡಿ ಎಷ್ಟು ಇಂಚು ನಿಂತಿದೆ ಎಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಒಂದು ದಿನ ತಪ್ಪಿಸಿದವನಲ್ಲ. ಮಗಳು ಮೇಘನ ಹುಟ್ಟಿದ ದಿನ ಕೂಡ ಅಳತೆ ಬರೆದು ಆಮೇಲೆ ಆಸ್ಪತ್ರೆಗೆ ಹೋದ. ಇದನ್ನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಈಚೆಗೆ ಅಷ್ಟು ಜೋರಾಗಿ ಹೇಳುವುದಿಲ್ಲ.

ನಿವೃತ್ತನಾದ ವರ್ಷ ಪಾಂಡವಪುರದವನೊಬ್ಬನಿಂದ ಒಂದು ಬಿಳಿ ಕಾರು ಕೊಂಡ. ಹನ್ನೊಂದು ವರ್ಷದ ಹಳೆಯದು, ಸಣ್ಣದು. ಒಳಗೆ ಕೂತರೆ ಅವನ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು. ಆದರೂ ಅವರ ಬೀದಿಗೆ ಬಂದ ಮೊದಲ ಕಾರು ಅದು. ಕೊಂಡಿದ್ದು ತನಗಾಗಿ ಅಲ್ಲ, ಹೆಂಡತಿ ಸಿದ್ದಲಿಂಗಮ್ಮನಿಗಾಗಿ. ಅವಳ ತವರು ಕಿಕ್ಕೇರಿ. ಮದುವೆಯಾಗಿ ಬಂದಾಗಿನಿಂದ ಅಣ್ಣನ ಮನೆಗೆ ಹೋಗಬೇಕೆಂದರೆ ಬೆಳಗೊಳದಿಂದ ಶ್ರೀರಂಗಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಕೆ.ಆರ್. ಪೇಟೆಗೆ ಇನ್ನೊಂದು, ಅಲ್ಲಿಂದ ಕಿಕ್ಕೇರಿಗೆ ಮತ್ತೊಂದು. ಹೋಗುವುದು ಅವಳೊಬ್ಬಳೇ, ಗಂಡನಿಗೆ ನಾಲೆ ಬಿಟ್ಟು ಬರಲು ಪುರುಸೊತ್ತು ಎಲ್ಲಿತ್ತು? ಒಂದು ಸಲವಾದರೂ ಗಂಡನ ಪಕ್ಕ ಮುಂದಿನ ಸೀಟಿನಲ್ಲಿ ಕೂತು ಹೋಗಿ ಅಣ್ಣನ ಬಾಗಿಲಲ್ಲೇ ಇಳಿಯಬೇಕು ಅನ್ನುವುದು ಅವಳ ಆಸೆ. ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಅದನ್ನು ನಡೆಸಿಕೊಡುತ್ತೇನೆ ಎಂದು ಕುಳ್ಳಯ್ಯ ಮೂವತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದ.

ನಡೆಸಿಯೂ ಕೊಟ್ಟ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹೊರಟರು. ಕಿಕ್ಕೇರಿಯಲ್ಲಿ ಅಣ್ಣನ ಹೆಂಡತಿ ಪುಟ್ಟತಾಯಮ್ಮ ಮೊದಲು ಕಾರಿಗೆ ಆರತಿ ಎತ್ತಿ ಆಮೇಲೆ ಇವರನ್ನು ಒಳಗೆ ಕರೆದಳು. ಸಿದ್ದಲಿಂಗಮ್ಮ ಆ ದಿನ ಕಾರಿನ ಬಾಗಿಲನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದಳು. ಇಲ್ಲಿಗೇ ನಿಲ್ಲಿಸಿದ್ದರೆ ನಾನು ದೇವರಂಥ ಗಂಡ ಅನ್ನಿಸಿಕೊಂಡು ಆರಾಮಾಗಿ ಇರುತ್ತಿದ್ದೆ ಎಂದು ಕುಳ್ಳಯ್ಯ ಈಗ ಹೇಳುತ್ತಾನೆ. ಆದರೆ ಅಳೆಯುವ ಚಟ ಸುಡುಗಾಡಿಗೆ ಹೋದರೂ ಬಿಡುವುದಿಲ್ಲ.

ಕಾರು ಮಾರಿದವನು ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಗ್ಯಾರಂಟಿ ಅಂದಿದ್ದ. ಎರಡನೇ ಸಲ ಪೆಟ್ರೋಲ್ ಹಾಕಿಸುವಾಗ ಕುಳ್ಳಯ್ಯ ಲೆಕ್ಕ ಹಾಕಿದರೆ ಹದಿನೈದು ಬಂತು. ಐದು ಕಿಲೋಮೀಟರ್ ಎಲ್ಲಿ ಹೋಯಿತು? ನಾಲೆಯಲ್ಲಿ ಹೀಗೆ ನೀರು ಕಮ್ಮಿ ಬಂದಿದ್ದರೆ ಅವನು ಏರಿ ಉದ್ದಕ್ಕೂ ನಡೆದು ಎಲ್ಲಿ ಒಡೆದಿದೆ, ಯಾರು ಕದ್ದು ಪೈಪು ಇಟ್ಟಿದ್ದಾರೆ ಎಂದು ಸಂಜೆಯೊಳಗೆ ಹಿಡಿಯುತ್ತಿದ್ದ. ಇಲ್ಲಿ ಕಳ್ಳ ಯಾರು? ಮೂರು ದಿನ ಯೋಚಿಸಿ, ಕಳ್ಳ ವೇಗವೇ ಎಂದು ತೀರ್ಮಾನಿಸಿದ.

ಅವನ ಯೋಚನೆ ತಪ್ಪೇನೂ ಅಲ್ಲ. ನಾಲೆಯಲ್ಲಿ ನೀರು ತೀರಾ ರಭಸವಾಗಿ ಹೋದರೆ ಏರಿ ಕೊರೆಯುತ್ತದೆ, ತೀರಾ ನಿಧಾನವಾಗಿ ಹೋದರೆ ಹೂಳು ಕೂರುತ್ತದೆ. ಎರಡೂ ಆಗದ ಒಂದು ಓಟ ಇರುತ್ತದೆ, ಅದನ್ನು ಹಿಡಿಯುವವನೇ ನೀರುಗಂಟಿ. ಹಾಗೆಯೇ ಕಾರಿಗೂ ಒಂದು ಓಟ ಇರಲೇಬೇಕು. ಎಂಬತ್ತರಲ್ಲಿ ಹೋದರೆ ಗಾಳಿಯನ್ನು ತಳ್ಳುವುದಕ್ಕೇ ಪೆಟ್ರೋಲು ಖರ್ಚು. ಮೂವತ್ತರಲ್ಲಿ ಹೋದರೆ ಕೆಳಗಿನ ಗೇರಿನಲ್ಲಿ ಎಂಜಿನ್ನು ಸುಮ್ಮನೆ ಅರಚಿಕೊಂಡು ಕುಡಿಯುತ್ತದೆ. ನಡುವೆ ಎಲ್ಲೋ ಒಂದು ಅಂಕಿ ಅಡಗಿ ಕೂತಿದೆ. ಅದನ್ನು ಹಿಡಿದೇ ತೀರುತ್ತೇನೆ ಎಂದು ಹಳೇ ಅಳತೆ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಿಗೆ ಗೆರೆ ಎಳೆದ.

ಪರೀಕ್ಷೆಗೆ ರಸ್ತೆ ಬೇಕಲ್ಲ, ಕಿಕ್ಕೇರಿ ರಸ್ತೆಯೇ ಆಯಿತು. ಸಿದ್ದಲಿಂಗಮ್ಮನಿಗೆ ಖುಷಿಯೋ ಖುಷಿ. ಗಂಡ ತಾನಾಗಿ ವಾರಕ್ಕೊಮ್ಮೆ ತವರಿಗೆ ಕರೆದುಕೊಂಡು ಹೋಗುತ್ತಾನೆ ಅಂದರೆ ಯಾರಿಗೆ ಬೇಡ? ಅವಳ ಖುಷಿ ಶ್ರೀರಂಗಪಟ್ಟಣ ಮುಟ್ಟುವವರೆಗೆ ಇತ್ತು. ಅಲ್ಲಿನ ಬಂಕಿನಲ್ಲಿ ಕುಳ್ಳಯ್ಯ ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿಸಿ, ಅವಳನ್ನು ಇಳಿಸಿ, ಗಾಳಿ ಗುಳ್ಳೆ ಹೋಗಲಿ ಎಂದು ಕಾರನ್ನು ಹಿಂದಿನಿಂದ ಹಿಡಿದು ಅಲ್ಲಾಡಿಸಿ, ಮತ್ತೆ ನಾಲ್ಕು ತೊಟ್ಟು ಹಾಕಿಸುತ್ತಿದ್ದ. ಹಿಂದೆ ನಿಂತ ಗಾಡಿಗಳವರು ಹಾರನ್ ಹೊಡೆಯುತ್ತಿದ್ದರು. ಕಿಕ್ಕೇರಿ ಹತ್ತಿರದ ಬಂಕಿನಲ್ಲೂ ಇದೇ ಪೂಜೆ. ಎ.ಸಿ. ಹಾಕುವಂತಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಕಿಟಕಿ ಇಳಿಸುವಂತಿಲ್ಲ, ಗಾಳಿ ನುಗ್ಗಿ ಹಿಂದಕ್ಕೆ ಎಳೆಯುತ್ತದೆ. ಎಳನೀರು ಕುಡಿಯೋಣ ಅಂದರೆ ನಿಲ್ಲಿಸುವಂತಿಲ್ಲ, ಓಟ ಕೆಡುತ್ತದೆ. ಸಿದ್ದಲಿಂಗಮ್ಮ ಮುಂದಿನ ಸೀಟಿನಲ್ಲಿ ಇಡ್ಲಿಯ ಹಾಗೆ ಬೆಂದಳು.

ಓಟ ಉಳಿಸಿಕೊಳ್ಳುವುದೇನು ಸುಲಭವೇ? ಚಿನಕುರಳಿ ದಾಟಿದರೆ ಕಬ್ಬಿನ ಟ್ರಾಕ್ಟರುಗಳು, ಎರಡೆರಡು ಟ್ರೇಲರು ಕಟ್ಟಿಕೊಂಡು ರಸ್ತೆ ತನ್ನಪ್ಪನದು ಅನ್ನುವ ಹಾಗೆ ಹೋಗುತ್ತವೆ. ಊರೂರಿಗೂ ಹಂಪುಗಳು. ಪುಷ್ಯ ಮಾಸದಲ್ಲಂತೂ ಜನ ಹುರುಳಿ ಗಿಡವನ್ನು ಟಾರು ರಸ್ತೆಗೇ ಹರಡಿ, ಹೋಗಿ ಬರುವ ಗಾಡಿಗಳ ಕೈಲಿ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಕುಳ್ಳಯ್ಯ ನಲವತ್ತೈದರ ಮುಳ್ಳು ಅಲ್ಲಾಡಬಾರದು ಎಂದು ಹುರುಳಿ ಮೇಲೆ ಹಾಗೆಯೇ ಹೋಗಿ, ಬಳ್ಳಿ ಆಕ್ಸಲಿಗೆ ಸುತ್ತಿಕೊಂಡು, ಕಾರಿನ ಕೆಳಗೆ ಅರ್ಧ ಗಂಟೆ ಅಂಗಾತ ಮಲಗಿ ಬಿಡಿಸಿಕೊಂಡ. ಹುರುಳಿಯವಳು ಮೇಲೆ ನಿಂತು, ತನ್ನ ಕಾಳು ಹಾಳಾಯಿತು ಎಂದು ಅವನ ವಂಶದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದಳು. ಪುಸ್ತಕದಲ್ಲಿ ಕುಳ್ಳಯ್ಯ ಆ ದಿನದ ಮುಂದೆ 'ಅಡಚಣೆ' ಎಂದು ಬರೆದ.

ಎರಡು ತಿಂಗಳಲ್ಲಿ ನಲವತ್ತು, ನಲವತ್ತೈದು, ಐವತ್ತು, ಐವತ್ತೈದು, ಅರವತ್ತು ಎಲ್ಲ ಮುಗಿದವು. ಆದರೆ ಲೆಕ್ಕ ಮಾತ್ರ ಕೂಡಿ ಬರಲಿಲ್ಲ. ಐವತ್ತರಲ್ಲಿ ಹೋಗುವಾಗ ಲೀಟರಿಗೆ ಇಪ್ಪತ್ತು ಕೊಟ್ಟ ಕಾರು, ಅದೇ ಐವತ್ತರಲ್ಲಿ ಬರುವಾಗ ಹದಿನೇಳು ಕೊಡುತ್ತಿತ್ತು. ಯಾವ ವೇಗ ಹಿಡಿದರೂ ಇದೇ ಹಾಡು: ಹೋಗುವಾಗ ಜಾಸ್ತಿ, ಬರುವಾಗ ಕಮ್ಮಿ. ಇದು ಅವನ ತಲೆ ತಿಂದುಬಿಟ್ಟಿತು. ಯಾಕೆಂದರೆ ಕಿಕ್ಕೇರಿ ಎತ್ತರದಲ್ಲಿದೆ, ಬೆಳಗೊಳ ತಗ್ಗಿನಲ್ಲಿದೆ. ನೀರು ಯಾವ ಕಡೆ ಹರಿಯುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬರುವಾಗಲೇ ಜಾಸ್ತಿ ಬರಬೇಕಿತ್ತು. ಕಾರ್ಬುರೇಟರ್ ಕಾಲದ ಮೆಕ್ಯಾನಿಕ್ಕಿನಿಂದ ಹಿಡಿದು ಮೊಬೈಲಿನ ವೀಡಿಯೋಗಳವರೆಗೆ ಎಲ್ಲರನ್ನೂ ಕೇಳಿದ. ಚಕ್ರದ ಗಾಳಿ ನೋಡಿದ, ಬ್ರೇಕು ಬಿಗಿಯಾಗಿದೆಯೋ ನೋಡಿದ, ಕಿಕ್ಕೇರಿ ಬಂಕಿನ ಪೆಟ್ರೋಲಿನ ಮೇಲೂ ಮನಸ್ಸಿನಲ್ಲೇ ಅನುಮಾನಪಟ್ಟ. ನೋಡದೆ ಉಳಿದದ್ದು ಒಂದೇ ಜಾಗ.

ಮಾರ್ಚ್ ತಿಂಗಳ ಒಂದು ಸಂಜೆ ಬೂಕನಕೆರೆ ಅಡ್ಡರಸ್ತೆ ಹತ್ತಿರ ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆಯಲು ಹಿಂದಿನ ಡಿಕ್ಕಿ ತೆರೆದ. ಒಳಗೆ ಒಂದು ಚೀಲ ರಾಗಿ, ಒಂದು ಚೀಲ ತೆಂಗಿನಕಾಯಿ, ಎರಡು ಬೂದುಗುಂಬಳ, ಒಂದು ಡಬ್ಬ ಕಡಲೆಕಾಯಿ ಎಣ್ಣೆ, ಅಚ್ಚುಬೆಲ್ಲದ ಪೆಟ್ಟಿಗೆ, ಅವರೆಕಾಳಿನ ಗಂಟು. ಸ್ಟೆಪ್ನಿ ಎಲ್ಲೋ ಪಾತಾಳದಲ್ಲಿತ್ತು. ಹಿಂದಿನ ಸೀಟಿನಲ್ಲಿ, ಪಾಂಡವಪುರದವರೆಗೆ ಬಿಡಿ ಎಂದು ಹತ್ತಿದ್ದ ಪುಟ್ಟತಾಯಮ್ಮನ ಕಡೆಯ ಇಬ್ಬರು ನೆಂಟರು ಬೇರೆ. ಪ್ರತಿ ವಾರ ಹೀಗೇ. ತವರಿಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದುಂಟೇ? ಇವನು ಊಟ ಮುಗಿಸಿ ಚಕ್ರದ ಗಾಳಿ ನೋಡುತ್ತಿದ್ದಾಗ ಅತ್ತಿಗೆ ನಾದಿನಿ ಸೇರಿ ಡಿಕ್ಕಿ ತುಂಬುತ್ತಿದ್ದರು. ಬೆಳಗೊಳಕ್ಕೆ ಬಂದ ಮೇಲೆ ಇವನು ಪುಸ್ತಕ ಹಿಡಿದು ಕೂತಾಗ ಸಿದ್ದಲಿಂಗಮ್ಮ ಇಳಿಸಿಕೊಳ್ಳುತ್ತಿದ್ದಳು. ತಿಂಗಳುಗಟ್ಟಲೆ ಅದೇ ರಾಗಿಯ ಮುದ್ದೆ ಉಂಡ ಕುಳ್ಳಯ್ಯನಿಗೆ ಅದು ಯಾವ ಗಾಡಿಯಲ್ಲಿ ಬಂತು ಎಂದು ಹೊಳೆದಿರಲಿಲ್ಲ. ತವರಿನ ಬಾಗಿನಕ್ಕೂ ತೂಕ ಇರುತ್ತದೆ ಅನ್ನುವುದು ಮೂವತ್ತನಾಲ್ಕು ವರ್ಷ ಅಳತೆ ಬರೆದವನಿಗೆ ಗೊತ್ತಾಗಲಿಲ್ಲ.

ಅಲ್ಲಿ ನಕ್ಕು ಸುಮ್ಮನಾಗಬೇಕಿತ್ತು. ಬದಲಿಗೆ ಇವನಿಗೆ ಕಳ್ಳ ಸಿಕ್ಕ ಸಂತೋಷ. ಮುಂದಿನ ವಾರ ಕಿಕ್ಕೇರಿಯಲ್ಲಿ ಊಟ ಮುಗಿಸಿ, ಈ ಸಲ ಡಿಕ್ಕಿಗೆ ಏನನ್ನೂ ಹಾಕಬೇಡಿ, ಗಾಡಿಯ ಲೆಕ್ಕ ಕೆಡುತ್ತದೆ ಎಂದು ಪುಟ್ಟತಾಯಮ್ಮನಿಗೆ ಹೇಳಿಬಿಟ್ಟ. ಅವಳು ರಾಗಿ ಚೀಲದ ಬಾಯಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಬ್ಯಾಡ ಅಂದ್ರೆ ಬುಡಿ ಅಣ್ಣಯ್ಯ, ನಮ್ಮನೆ ರಾಗಿ ಬಾರವಾಯ್ತೇನೋ" ಅಂದಳು. ಅಣ್ಣನ ಮನೆಯಲ್ಲಿ, ಅತ್ತಿಗೆಯ ಎದುರು ಸಿದ್ದಲಿಂಗಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬರುವ ದಾರಿಯುದ್ದಕ್ಕೂ ಅವಳು ಒಂದು ಮಾತಾಡಲಿಲ್ಲ. ಕುಳ್ಳಯ್ಯನಿಗೆ ಅದು ಅನುಕೂಲವೇ ಆಯಿತು. ಮುಳ್ಳಿನ ಮೇಲೆ ಗಮನ ಇಡಬಹುದಲ್ಲ. ಆ ದಿನ ಇಪ್ಪತ್ತೊಂದೂವರೆ ಬಂತು.

ಇಪ್ಪತ್ತೊಂದೂವರೆ ಕೊಟ್ಟ ಕಾರು ಇನ್ನೂ ಒಂದೆರಡು ಕೊಡದೇ ಇರುತ್ತದೆಯೇ? ಪರೀಕ್ಷೆ ಅಂದರೆ ಗಾಡಿಯಲ್ಲಿ ಒಬ್ಬನೇ ಇರಬೇಕು, ಕಂಪನಿಯವರು ಹಾಗೆಯೇ ಮಾಡುತ್ತಾರಂತೆ ಎಂದು ಮೊಬೈಲು ಹೇಳಿತು. ಮುಂದಿನ ಶನಿವಾರ ಬೆಳಿಗ್ಗೆ ಹೆಂಡತಿ ಹೊಸ ಸೀರೆ ಉಟ್ಟು, ಹೂ ಮುಡಿದು, ಕಾರಿನ ಬಾಗಿಲಿಗೆ ಕೈ ಇಟ್ಟಾಗ ಕುಳ್ಳಯ್ಯ ಹೇಳಿದ:

"ಇದೊಂದ್ಸಲ ಬಸ್ಸಲ್ಲಿ ಬಾ ಕಣಮ್ಮಿ. ನಾನು ಇಂದ್ಗುಟ್ಲೇ ಬತ್ತೀನಿ. ನಿಂಗೆ ಎಂಗೂ ಟಿಕೀಟು ಫ್ರೀ."

ಅವಳು ಬಾಗಿಲಿಂದ ಕೈ ತೆಗೆದಳು. ಸರಿ ಎಂದಳು. ಶ್ರೀರಂಗಪಟ್ಟಣದವರೆಗೆ ಕೂತು ಬಂದು, ಅಲ್ಲಿ ಇಳಿದು ಕೆ.ಆರ್. ಪೇಟೆ ಬಸ್ಸು ಹತ್ತಿದಳು. ಇವನು ಬಂಕಿನಲ್ಲಿ ಕಾರು ಅಲ್ಲಾಡಿಸಿ, ಟ್ಯಾಂಕು ತುಂಬಿಸಿ, ಐವತ್ತೆರಡಕ್ಕೆ ಮುಳ್ಳು ನಿಲ್ಲಿಸಿ ಹೊರಟ. ಐವತ್ತಕ್ಕೂ ಐವತ್ತೈದಕ್ಕೂ ನಡುವೆ ಇದೇ ಇರಬೇಕು ಎಂದು ಅವನ ಒಳಮನಸ್ಸು ಹೇಳಿತ್ತು.

ಬಸ್ಸಿಗೆ ಐವತ್ತೆರಡರ ವ್ರತವಿಲ್ಲ. ಅದು ಪಾಂಡವಪುರ ದಾಟಿದ ಮೇಲೆ ಇವನನ್ನು ಹಿಂದೆ ಹಾಕಿ ಹೋಯಿತು. ಮುಂದಿನ ಸ್ಟಾಪಿನಲ್ಲಿ ಅದು ನಿಂತಾಗ ಇವನು ಅದನ್ನು ದಾಟಿದ. ಮತ್ತೆ ಅದು ಇವನನ್ನು ದಾಟಿತು. ಕೆ.ಆರ್. ಪೇಟೆ ತಲುಪುವಷ್ಟರಲ್ಲಿ ಏಳು ಸಲ ಹೀಗಾಯಿತು. ದಾಟುವಾಗೆಲ್ಲ ಕಿಟಕಿ ಪಕ್ಕ ಕೂತ ಹೆಂಡತಿ ಕಂಡಳು. ಇವನು ಬೆವರು ಸುರಿಸಿಕೊಂಡು ಒಂದು ಕೈ ಎತ್ತಿ ಅಲ್ಲಾಡಿಸುತ್ತಿದ್ದ. ಅದೇ ಬಸ್ಸಿನಲ್ಲಿ ಮದುವೆಗೆ ಹೊರಟಿದ್ದ ಕರಿಯಯ್ಯ ಎರಡು ಸೀಟು ಹಿಂದೆ ಕೂತಿದ್ದ. ಒಳಗಿನ ಸುದ್ದಿಯೆಲ್ಲ ಅವನ ಕೃಪೆ. ನಾಲ್ಕನೇ ಸಲಕ್ಕೆ ಇಡೀ ಬಸ್ಸಿಗೆ ಇದೊಂದು ಆಟವಾಗಿಹೋಯಿತಂತೆ. ಬಿಳಿ ಕಾರು ಬಂತು ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರಂತೆ. ಪಕ್ಕದಲ್ಲಿ ಕೂತ ಹೆಂಗಸು, ಯಾರಮ್ಮ ಆ ವಯ್ಯ, ನಿಮಗೇ ಕೈ ಬೀಸ್ತಾವ್ನೆ ಎಂದು ಕೇಳಿದ್ದಕ್ಕೆ ಸಿದ್ದಲಿಂಗಮ್ಮ ಇನ್ನೊಂದು ಕಡೆಗೆ ಮುಖ ತಿರುಗಿಸಿ, "ಯಾರೋ ಕಾಣೆ ಕನವ್ವ" ಅಂದಳಂತೆ. ಕರಿಯಯ್ಯ ಇದನ್ನು ಹೇಳುವಾಗ ಅಂಗಡಿಯಲ್ಲಿ ಯಾರಿಗೂ ಟೀ ಗಂಟಲಲ್ಲಿ ಇಳಿಯುವುದಿಲ್ಲ. ಎಲ್ಲರಿಗಿಂತ ಜೋರಾಗಿ ನಗುವವನು ಕುಳ್ಳಯ್ಯ.

ಕಿಕ್ಕೇರಿಯಲ್ಲಿ ಅವಳು ಬಸ್ಸಿಳಿದು, ಹೂವು ಹಣ್ಣಿನ ಬುಟ್ಟಿ ಹಿಡಿದು ನಡೆದುಕೊಂಡು ಅಣ್ಣನ ಮನೆ ಮುಟ್ಟಿದಳು. ಹಿಂದೆಯೇ ಖಾಲಿ ಕಾರು ಬಂದು ಬಾಗಿಲಲ್ಲಿ ನಿಂತಿತು. ಕುಳ್ಳಯ್ಯ ಇಳಿದವನೇ, ಇಪ್ಪತ್ಮೂರೂವರೆ ಎಂದ. ಪುಟ್ಟತಾಯಮ್ಮ ನಾದಿನಿಯ ಮುಖ ನೋಡಿದಳು, ಕಾರು ನೋಡಿದಳು, ಕಾಲಿಗೆ ನೀರು ಕೊಟ್ಟಳು. ಮುಸ್ಸಂಜೆ ಹೊರಡುವಾಗ ಸಿದ್ದಲಿಂಗಮ್ಮ ತಾನು ನಾಳೆ ಬಸ್ಸಿನಲ್ಲಿ ಬರುವುದಾಗಿ ಹೇಳಿದಳು. ಹಾಗೆಯೇ ಬಂದಳು.

ಅದಾದ ಮೇಲೆ ಅವಳು ಕಾರು ಹತ್ತಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಕಾಫಿ, ಎಲ್ಲ ಮಾಮೂಲು. ತವರಿಗೆ ಬಸ್ಸು, ಪಾಂಡವಪುರದ ಸಂತೆಗೆ ಬಸ್ಸು, ನಾಗಮಂಗಲದಲ್ಲಿ ಟೀಚರಾಗಿರುವ ಮಗಳ ಮನೆಗೂ ಬಸ್ಸು. ಮೇಘನ ಫೋನು ಮಾಡಿ, ಅವ್ವ ಯಾಕೆ ಬಸ್ಸಲ್ಲಿ ಓಡಾಡ್ತಾ ಅವ್ಳೆ ಎಂದು ಕೇಳಿದರೆ, ಕಾರಿಗೆ ಐವತ್ತೆರಡೇ ಸರಿಯಾದ ಓಟ ಎಂದು ಅಪ್ಪ ವಿವರಿಸಿದ. ಅವ್ವನಿಗೆ ಫೋನು ಕೊಡು ಎಂದಳು ಮಗಳು.

ಅವನಿಗೂ ಬರುಬರುತ್ತ ನಾಲಿಗೆ ರುಚಿ ಕೆಟ್ಟಿತು. ಬೇಕಾಗಿದ್ದ ಅಂಕಿ ಸಿಕ್ಕಿತ್ತು. ಆದರೆ ಆ ಅಂಕಿ ಹಿಡಿದುಕೊಂಡು ಹೋಗುವುದು ಎಲ್ಲಿಗೆ? ಒಬ್ಬನೇ ಎರಡು ಸಲ ಶ್ರೀರಂಗಪಟ್ಟಣದವರೆಗೆ ಹೋಗಿ ಸುಮ್ಮನೆ ವಾಪಸು ಬಂದ. ಶ್ರಾವಣದಲ್ಲಿ ಅವಳು ಮತ್ತೆ ಕಿಕ್ಕೇರಿಗೆ ಹೊರಟಾಗ, ಕಾರು ತೊಳೆದು, ಒರೆಸಿ, ಮುಂದಿನ ಬಾಗಿಲು ತೆರೆದು ನಿಂತ. ಬಾ, ಬಿಟ್ಟು ಬರುತ್ತೇನೆ ಎಂದ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಮೆತ್ತಗೆ, ನಾಳೆ ಮಳೆ ಬರಬಹುದು ಎಂದು ಹೇಳುವ ಹಾಗೆ ಹೇಳಿದಳು:

"ನಾನು ಅರವತ್ತೆರಡು ಕೇಜಿ ಅವ್ನಿ. ನಿಮ್ ಲೆಕ್ಕ ಕೆಟ್ಟೋಯ್ತದೆ, ಬುಡಿ."

ಅವಳು ಬೀದಿ ತಿರುಗಿದ ಮೇಲೂ ಕುಳ್ಳಯ್ಯ ಬಾಗಿಲು ಹಿಡಿದುಕೊಂಡೇ ನಿಂತಿದ್ದ. ತನ್ನ ಹೆಂಡತಿ ತನ್ನ ಗಾಡಿಗೆ ಭಾರ ಎಂದು ಅವಳ ತಲೆಯಲ್ಲಿ ಕೂರಿಸಿದವನು ತಾನೇ ಎಂದು ಆಗ ಅವನಿಗೆ ಅರ್ಥವಾಯಿತು. ಬಹಳ ನಾಚಿಕೆಯಾಯಿತು. ಅದನ್ನು ಯಾರ ಹತ್ತಿರ ಹೇಳಿಕೊಂಡು ನಗುವುದು?

ಅಂಗಡಿಯಲ್ಲಿ ಅವನು ಹೇಳುವ ಕತೆ ಬಸ್ಸಿನ ಆಟಕ್ಕೇ ಮುಗಿಯುತ್ತದೆ. ಮುಂದಿನದನ್ನು ಯಾರಿಗೂ ಹೇಳುವುದಿಲ್ಲ.

ಅವಳು ವಾಪಸು ಬರುವ ದಿನ ಅವನು ಮಧ್ಯಾಹ್ನವೇ ಹೋಗಿ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹೊರಗೆ ಕಾರು ನಿಲ್ಲಿಸಿದ. ಯಾವ ಬಸ್ಸು ಎಂದು ಗೊತ್ತಿರಲಿಲ್ಲ, ಫೋನು ಮಾಡುವ ಧೈರ್ಯವೂ ಇರಲಿಲ್ಲ. ಕೆ.ಆರ್. ಪೇಟೆಯಿಂದ ಬಂದ ಮೂರು ಬಸ್ಸು ನೋಡಿದ. ನಾಲ್ಕನೆಯದರಲ್ಲಿ ಅವಳು ಇಳಿದಳು. ಕಂಡಕ್ಟರು ಮೇಲಿಂದ ಚೀಲ ಎತ್ತಿ ಕೊಟ್ಟ. ಅವಳು ಸೆರಗು ಸಿಂಬಿ ಸುತ್ತಿ ತಲೆಯ ಮೇಲೆ ಇರಿಸಿಕೊಂಡಳು. ರಾಗಿ. ಎಡಗೈಯಲ್ಲಿ ತೆಂಗಿನಕಾಯಿಯ ಬ್ಯಾಗು. ಬೆಳಗೊಳದ ಬಸ್ಸು ನಿಲ್ಲುವ ಕಡೆಗೆ ಅಭ್ಯಾಸದ ಹೆಜ್ಜೆ ಹಾಕಿಕೊಂಡು ಹೊರಟಳು.

ಕುಳ್ಳಯ್ಯ ಓಡಿಹೋಗಿ ಅಡ್ಡ ನಿಂತು ತಲೆಯ ಮೇಲಿನ ಚೀಲಕ್ಕೆ ಕೈ ಹಾಕಿದ. ಇಳಿಸಿಕೊಳ್ಳುವಾಗ ಅವನ ಮೊಣಕಾಲು ಬಗ್ಗಿತು. ಆರಡಿ ಆಳು ಚೀಲದ ಜೊತೆ ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದ. ಈ ಚೀಲ ಲೀಟರಿಗೆ ಎಷ್ಟು ಕಿಲೋಮೀಟರ್ ತಿನ್ನುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೈಯಲ್ಲಿ ಎತ್ತಿ ನೋಡಿದ್ದು ಅದೇ ಮೊದಲು.

"ಇಷ್ಟು ಬಾರನ ಎಂಗಮ್ಮಿ ತತ್ತೀಯೆ?" ಅಂದ.

"ಯಾವಾಗ್ಲೂ ತತ್ತಿದ್ದೆ," ಅಂದಳು. "ನೀವು ನಾಲೆ ಮೇಲೆ ಇರ್ತಿದ್ರಿ."

ಅವನು ಚೀಲವನ್ನು ತಬ್ಬಿಕೊಂಡೇ ಕಾರಿನವರೆಗೆ ನಡೆದು, ಡಿಕ್ಕಿಯಲ್ಲಿ ಇಟ್ಟ. ಅಂಗಿಯ ತುಂಬ ರಾಗಿಯ ದೂಳು. ಅವಳು ಅಲ್ಲೇ ನಿಂತು, ಬೆಳಗೊಳದ ಬಸ್ಸು ಬಂದಿದೆಯೋ ಎಂದು ಒಂದು ಸಲ ನೋಡಿದಳು. ಬಂದಿತ್ತು, ಖಾಲಿಯೂ ಇತ್ತು. ಕುಳ್ಳಯ್ಯ ಮುಂದಿನ ಬಾಗಿಲು ತೆರೆದ. ಡ್ರೈವರು ಬಸ್ಸನ್ನು ಸ್ಟಾರ್ಟ್ ಮಾಡಿದ. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಬಂದು ಕಾರಿನಲ್ಲಿ ಕೂತಳು.

ತೆಂಗಿನಕಾಯಿಯ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವನು ಕಿಟಕಿ ಇಳಿಸಿದ. ಬ್ಯಾಗನ್ನು ಕೆಳಗೆ ಇಡು, ಜಾಗ ಇದೆ ಎಂದ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಸಲ ಹೇಳಿದ. ಇರಲಿ ಎಂದಳು. ಮನೆ ಬರುವವರೆಗೂ ಅವಳು ಅದನ್ನು ಕೆಳಗೆ ಇಡಲಿಲ್ಲ.